ಅಡಾಸ್‌ಗೆ ದುಡ್ಡು ಕೊಡುವ ಮುಂಚೆ ಕಿಲೋಮೀಟರ್ ಎಣಿಸಿದೆ: ನನ್ನ ಅನುಭವ

ಕುಮಟಾದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರದ್ದೂ ಒಂದೇ ಮಾತು: "ನಮ್ಮ ರೋಡಿಗೆ ಅಡಾಸ್ ಎಲ್ಲ ಶೋಕಿ. ಆ ದುಡ್ಡಲ್ಲಿ ಐದು ಸೆಟ್ ಟೈರ್ ಬರ್ತದೆ." ಅಡಾಸ್ ಅಂದರೆ ಕ್ಯಾಮೆರಾ, ರಾಡಾರ್ ಇಟ್ಟುಕೊಂಡು ಮುಂದಿನ ಗಾಡಿಗೆ ತಕ್ಕಂತೆ ವೇಗ ಹಿಡಿಯುವ, ಗೆರೆಯೊಳಗೆ ಇರಿಸುವ, ಬೇಕಾದರೆ ತಾನೇ ಬ್ರೇಕ್ ಹಾಕುವ, ಡ್ರೈವರಿಗೆ ನೆರವಾಗುವ ವ್ಯವಸ್ಥೆ. ಆಗ ನಾನು ವಾದ ಮಾಡಲಿಲ್ಲ. ಅಡಾಸ್ ಇರುವ ಟಾಪ್ ಮಾಡೆಲ್ ತಗೊಂಡು ಈಗ ಹದಿನಾಲ್ಕು ತಿಂಗಳಾಯಿತು, ಮೀಟರ್ 49 ಸಾವಿರ ದಾಟಿದೆ. ನನ್ನ ಲೆಕ್ಕ ಸರಿ ಇತ್ತು ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ಮಧ್ಯದ ಮಾಡೆಲ್‌ಗೂ ಟಾಪ್‌ಗೂ ವ್ಯತ್ಯಾಸ ಸುಮಾರು 1.6 ಲಕ್ಷ. ಒಂಬತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ ಐದು ವರ್ಷ ಕಂತು ಕಟ್ಟಿದರೆ ಅದೇ ಎರಡು ಲಕ್ಷ. ಅದರಲ್ಲಿ ಸನ್‌ರೂಫ್ ಕೂಡ ಸೇರಿದೆ. ಅದಕ್ಕೆ ನಾನು ಸೊನ್ನೆ ಬೆಲೆ ಹಾಕಿದೆ. ಸನ್‌ರೂಫ್ ಇದೆ ಅಂತ ಬಾಡಿಗೆಯವರು ಒಂದು ರೂಪಾಯಿ ಜಾಸ್ತಿ ಕೊಟ್ಟಿದ್ದು ನಾನಂತೂ ಕಂಡಿಲ್ಲ. ಹಾಗಾಗಿ ಉಳಿದದ್ದು ಒಂದೇ ಪ್ರಶ್ನೆ: ಈ ಎರಡು ಲಕ್ಷ ಎಷ್ಟು ಕಿಲೋಮೀಟರಿಗೆ ಹಂಚಿ ಹೋಗುತ್ತದೆ? ಒಟ್ಟು ಓಡಿದ್ದಲ್ಲ, ಅಡಾಸ್ ನಿಜವಾಗಿ ಕೆಲಸ ಮಾಡುವಷ್ಟು ಮಾತ್ರ.

ಅದನ್ನು ಹಳೇ ಕಾರಿನಲ್ಲೇ ಎಣಿಸಲು ಶುರು ಮಾಡಿದೆ. ಎರಡೂ ಬದಿ ಬಿಳಿ ಗೆರೆ ಕಾಣಬೇಕು, ಡಿವೈಡರ್ ಇರಬೇಕು, ರಾಂಗ್ ಸೈಡಿನಿಂದ ಬೈಕ್ ನುಗ್ಗುವ ಜಾಗ ಆಗಿರಬಾರದು. ಅಂಥ ತುಂಡು ಶುರುವಾದ ಕೂಡಲೇ ಮೀಟರ್ ಓದಿ ಫೋನಿನ ರೆಕಾರ್ಡರಿಗೆ ಹೇಳುತ್ತಿದ್ದೆ, ಮುಗಿದಾಗ ಮತ್ತೆ. ರಾತ್ರಿ ನೋಟ್‌ಬುಕ್ಕಿಗೆ ಇಳಿಸುವುದು.

ಮೊದಲ ಸಲ ಪೂರ್ತಿ ಕೆಟ್ಟಿತು. ಶುರು ಮಾಡಿದ್ದು 2024ರ ಜುಲೈನಲ್ಲಿ. 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್. ಆಗಸ್ಟ್ 7ಕ್ಕೆ ಕಾರವಾರದ ಕಾಳಿ ನದಿಯ ಹಳೇ ಸೇತುವೆಯೇ ಬಿತ್ತು. ಸುತ್ತು ಹಾಕಿ ಹೋಗುವ ದಾರಿಯಲ್ಲಿ ಬಿಳಿ ಗೆರೆ ಎಲ್ಲಿಂದ ಬರಬೇಕು? ಓಡಿದ ನೂರು ಕಿಲೋಮೀಟರಿಗೆ ಅಂಥ ತುಂಡು 18 ಬಂತು. ಸ್ಟ್ಯಾಂಡಿನವರಿಗೆ ಅದೇ ಸಾಕಾಯಿತು, "ನೋಡು, ನಾವು ಹೇಳಿದ್ದೇ ಅಲ್ವಾ" ಅಂದರು. ನಾನು ಬಿಡಲಿಲ್ಲ. ಡಿಸೆಂಬರ್‌ನಿಂದ ಮತ್ತೆ ಆರು ವಾರ ಎಣಿಸಿದೆ. ಗೋವಾ ಏರ್‌ಪೋರ್ಟ್, ಮಂಗಳೂರು, ಮುರ್ಡೇಶ್ವರದ ಬಾಡಿಗೆಗಳೇ ಜಾಸ್ತಿ. ನೂರಕ್ಕೆ 60ರ ಹತ್ತಿರ ಬಂತು. ಮಳೆಗಾಲದ ನಾಲ್ಕು ತಿಂಗಳಿಗೆ ಅಂದಾಜು 25, ಉಳಿದ ಎಂಟಕ್ಕೆ 60 ಅಂತ ಇಟ್ಟರೆ ವರ್ಷಕ್ಕೆ ಸರಾಸರಿ 48. ನಾನು ವರ್ಷಕ್ಕೆ ಓಡಿಸುವುದು 42 ಸಾವಿರ. ಅಂದರೆ 20 ಸಾವಿರ ಕಿಲೋಮೀಟರ್ ಕೆಲಸಕ್ಕೆ ಬರುತ್ತದೆ. ಐದು ವರ್ಷಕ್ಕೆ ಒಂದು ಲಕ್ಷ. ಕಿಲೋಮೀಟರಿಗೆ 2 ರೂಪಾಯಿ!

ಅಮೆರಿಕದಲ್ಲಿ ಟೆಸ್ಲಾದವರು ಇಂಥದ್ದನ್ನು 2024ರಲ್ಲಿ ತಿಂಗಳಿಗೆ 99 ಡಾಲರಿಗೂ ಕೊಡುತ್ತಿದ್ದರು. ಅಲ್ಲೂ ಡ್ರೈವರ್ ಕಣ್ಣು ರಸ್ತೆ ಮೇಲೇ ಇರಬೇಕು. ನಾನು ಕೊಳ್ಳಬೇಕೆಂದಿದ್ದ ಕಾರಿಗೆ ಹಾಗೆ ತಿಂಗಳಿಗೆ ಕೊಟ್ಟು ನೋಡುವ ಲೆಕ್ಕ ಇರಲಿಲ್ಲ. ಅದಕ್ಕೇ ಗೋವಾದಲ್ಲಿ ಅದೇ ಮಾಡೆಲ್ ಕಾರು ಎರಡು ದಿನ ಬಾಡಿಗೆಗೆ ಹಿಡಿದೆ. ಏಳು ಸಾವಿರ ಚಿಲ್ಲರೆ ಹೋಯಿತು. ಈ ಇಡೀ ಕೆಲಸದಲ್ಲಿ ಸರಿಯಾಗಿ ಖರ್ಚು ಮಾಡಿದ ದುಡ್ಡು ಅಂದರೆ ಅದೇ.

ಆ ಬಾಡಿಗೆ ಕಾರನ್ನು ಬೇಕೆಂದೇ ಕುಮಟಾ-ಶಿರಸಿ ದಾರಿಯ ದೇವಿಮನೆ ಘಾಟಿಗೆ ತಂದೆ. ಸಂಜೆ ಐದೂವರೆ, ಶಿರಸಿಯಿಂದ ಇಳಿಯುವಾಗ ಸೂರ್ಯ ನೇರ ಮುಖಕ್ಕೆ. ಕನ್ನಡಿಯ ಹಿಂದಿನ ಕ್ಯಾಮೆರಾಕ್ಕೆ ಕಣ್ಣು ಕತ್ತಲೆ ಬಂದು, ಗಾಡಿಯನ್ನು ಗೆರೆಯೊಳಗೆ ಹಿಡಿಯುವ ಲೇನ್ ಅಸಿಸ್ಟ್ ಬಂದ್ ಅಂತ ತೋರಿಸಿತು. ಒಂದು ತಿರುವಿನಲ್ಲಿ ಎದುರಿನ ಬಸ್ ನೋಡಿ ತಾನೇ ಬ್ರೇಕ್ ಹಾಕಿತು. ಹಿಂದೆ ಟಿಪ್ಪರ್ ಇದ್ದಿದ್ದರೆ ಏನು ಗತಿ? ಮುಂದಿನ ಬಂಪರಿಗೆ ರಸ್ತೆ ಕೆಲಸದ ಕೆಂಪು ಕೆಸರು ಮೆತ್ತಿಕೊಂಡು ರಾಡಾರ್ ಕೂಡ ಸುಮ್ಮನಾಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಸರಿಹೋಯಿತು. ಘಾಟಿಯ ಕಿಲೋಮೀಟರ್ ಲೆಕ್ಕಕ್ಕೆ ಸೊನ್ನೆ, ಅಷ್ಟೇ. ಈಗ ಕತಗಾಲ ದಾಟಿ ಘಾಟಿ ಹತ್ತುವ ಮುಂಚೆಯೇ ಲೇನ್ ಅಸಿಸ್ಟ್ ಆಫ್ ಮಾಡುತ್ತೇನೆ. ಮಳೆಗಾಲದಲ್ಲಿ ಕ್ಯಾಮೆರಾ ಮುಂದಿನ ಗಾಜು ಒಳಗಿಂದ ಮಂಜಾಗದಂತೆ ನಾನು ಏನು ಹಚ್ಚುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಶೋರೂಮಿನಲ್ಲಿ ಬೆಲೆ ಎಷ್ಟು ಇಳಿಸಿದೆ ಅನ್ನುವುದೂ ಹಾಗೇ.

ಒಂದು ಖರ್ಚು ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅಂಕೋಲಾ ಹತ್ತಿರ ಟಿಪ್ಪರಿನಿಂದ ಕಲ್ಲು ಸಿಡಿದು ಮುಂದಿನ ಗಾಜು ಒಡೆಯಿತು. ಹಳೇ ಕಾರಿಗೆ ಹನ್ನೆರಡು ಸಾವಿರದಲ್ಲಿ ಮುಗಿಯುತ್ತಿತ್ತು. ಇದಕ್ಕೆ ಗಾಜು, ಕ್ಯಾಮೆರಾ ಕ್ಯಾಲಿಬ್ರೇಶನ್ ಸೇರಿ 31 ಸಾವಿರದ ಬಿಲ್. ಮೇಲಿಂದ ಹುಬ್ಬಳ್ಳಿಗೆ ಎರಡು ಓಡಾಟ, ಎರಡು ದಿನದ ಬಾಡಿಗೆ ಹೋಯಿತು. ಇನ್ಶೂರೆನ್ಸ್ ಇದ್ದದ್ದಕ್ಕೆ ಉಳಿದುಕೊಂಡೆ.

ಹಳೇ ಕಾರಿನಲ್ಲಿ ಐದು ವರ್ಷಕ್ಕೆ ಎರಡು ಸಲ ಮುಂದಿನ ಗಾಡಿಗೆ ಗುದ್ದಿದ್ದೆ. ಎರಡೂ ರಾತ್ರಿ, ಎರಡೂ ಸುಸ್ತಿನಲ್ಲಿ. ನಿಂತ ದಿನಗಳೂ ಸೇರಿ 70 ಸಾವಿರ ಹೋಗಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಒಂದೂ ಇಲ್ಲ. ಬಲ ಮೊಣಕಾಲಿನ ನೋವೂ ಅರ್ಧ ಇಳಿದಿದೆ. ಆದರೆ ನಿದ್ದೆ ಬಂದರೆ ಗಾಡಿ ನಿಲ್ಲಿಸಲೇಬೇಕು. ಹೆದ್ದಾರಿಯಲ್ಲಿ ಮಲಗಿದ ದನವನ್ನು ಈ ಕಾರು ಎರಡು ಸಲ ಗುರುತಿಸಲೇ ಇಲ್ಲ, ಬ್ರೇಕ್ ತುಳಿದವನು ನಾನು.

ಎಣಿಕೆ ಈಗಲೂ ನಿಲ್ಲಿಸಿಲ್ಲ. ಹದಿನಾಲ್ಕು ತಿಂಗಳಿಗೆ ಅಡಾಸ್ ಕೆಲಸ ಮಾಡುವ ಕಿಲೋಮೀಟರ್ ಅಂದಾಜು 23 ಸಾವಿರ ಇತ್ತು, ನಿಜವಾಗಿ 24ರ ಹತ್ತಿರ ಬಂದಿದೆ. ಕಳೆದ ತಿಂಗಳು ಶಿರಸಿಯ ನನ್ನ ಭಾವನೂ ಹೀಗೇ ಎಣಿಸಿ ನೋಡಿದ. ಅವನದ್ದು ತೋಟ, ಪೇಟೆ, ಸಿದ್ದಾಪುರದ ಓಡಾಟ. ನೂರಕ್ಕೆ ಆರು ಬಂತು. ಅವನಿಗೆ ಮಧ್ಯದ ಮಾಡೆಲ್ಲೇ ಬುಕ್ ಮಾಡಿಸಿ ಬಂದಿದ್ದೇನೆ.