ಧರೆ ಕುಸಿದ ನೆನಪು ಮರುಕಳಿಸಿದಾಗ ಪಕ್ಕದಲ್ಲಿರುವವರು ಮಾಡಬೇಕಾದದ್ದು

2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಂದಿನ ಧರೆ ಕುಸಿದಾಗ ತಮ್ಮ ಕೊಟ್ಟಿಗೆಯಲ್ಲಿದ್ದ. ಸೊಂಟದವರೆಗೆ ಹೂತುಹೋಗಿದ್ದವನನ್ನು ಎಳೆದು ತೆಗೆದೆವು. ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಮರುವರ್ಷ ತಗಡಿನ ಮೇಲೆ ಮೊದಲ ಜೋರು ಮಳೆ ಬಿದ್ದ ರಾತ್ರಿ ಎದ್ದು ಕುಳಿತು, ಎರಡೂ ಕೈಯಿಂದ ಕಂಬಳಿಯನ್ನು ಬಗೆಯತೊಡಗಿದ, ಮಣ್ಣು ಬಗೆಯುವಂತೆ.

"ಮುಗಿದದ್ದು ಮುಗಿಯಿತು, ಮರೆತುಬಿಡು" ಎಂದೆವು. ಹಾಗೆನ್ನಬಾರದಿತ್ತು. ಅವನ ಮಿದುಳಿನಲ್ಲಿ ಅದು ಮುಗಿದಿರಲೇ ಇಲ್ಲ. ಪಿಟಿಎಸ್‌ಡಿ, ಅಂದರೆ ಭೀಕರ ಘಟನೆಯ ಆಘಾತ ಮತ್ತೆ ಮತ್ತೆ ಮರುಕಳಿಸಿ ಕಾಡುವ ಮನಸ್ಸಿನ ಕಾಯಿಲೆ, ಇರುವವರಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಬೇಗ ಕೆರಳುತ್ತದೆ. ಅದನ್ನು ಸಮಾಧಾನಪಡಿಸಬೇಕಾದ ಹಣೆಯ ಹಿಂದಿನ ಭಾಗ ಸೋಲುತ್ತದೆ. ಘಟನೆಗೆ ಜಾಗ, ಹೊತ್ತು ಹೊಂದಿಸುವುದು ಹಿಪೊಕ್ಯಾಂಪಸ್. 2023ರಲ್ಲಿ ಅಮೆರಿಕದ ಯೇಲ್ ಮತ್ತು ಮೌಂಟ್ ಸಿನಾಯ್ ಸಂಶೋಧಕರು ಈ ಕಾಯಿಲೆಯ 28 ಮಂದಿಗೆ ಅವರವರ ನೆನಪುಗಳನ್ನೇ ಕೇಳಿಸಿ ಸ್ಕ್ಯಾನ್ ಮಾಡಿದರು. ದುಃಖದ ನೆನಪುಗಳಿಗೆ ಎಲ್ಲರ ಹಿಪೊಕ್ಯಾಂಪಸ್ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸಿತು, ಆಘಾತದ ನೆನಪಿಗೆ ಆ ಹೋಲಿಕೆ ಕಾಣಲಿಲ್ಲ. ಅದು ಉಳಿದ ನೆನಪುಗಳ ಸಾಲಿನಲ್ಲಿ ಕೂರುವುದಿಲ್ಲ.

ಹಾಗಾಗಿ ನೀವು ಕೊಡಬೇಕಾದದ್ದು 'ಈಗ' ಎಂಬುದನ್ನು. ಮೊದಲು ಬೆಳಕು ಮಾಡಿ. ಮಳೆಗಾಲದಲ್ಲಿ ಕರೆಂಟನ್ನು ನಂಬುವಂತಿಲ್ಲ, ಟಾರ್ಚ್ ತಲೆದೆಸೆಯಲ್ಲಿರಲಿ. ಹಿಂದಿನಿಂದ ಹಿಡಿಯಲೇಬೇಡಿ, ನಾನು ಹಿಡಿದಾಗ ಅವನಿಗೆ ನನ್ನ ಕೈಯೇ ಮಣ್ಣಾಯಿತು. ಎದುರಿಗೆ, ಒಂದು ಮಾರು ದೂರ ಕುಳಿತು ಹೆಸರು ಹಿಡಿದು ಕರೆಯಿರಿ. "ಇದು ಜಗಲಿ. ಇವತ್ತು ಶುಕ್ರವಾರ. ನಾನು ಅಕ್ಕ." ಇಷ್ಟೇ ಸಾಕು. ಪಾದವನ್ನು ನೆಲಕ್ಕೆ ಒತ್ತಲು ಹೇಳಿ. ಆಮೇಲೆ ನಾನು ಬೊಗಸೆ ತುಂಬ ಚಾಲಿ ಅಡಿಕೆ ಕೊಟ್ಟು ಎಣಿಸಲು ಹೇಳುತ್ತೇನೆ. ಒಣಗಿ ಕಲ್ಲಿನಂತಾದ ಅದು ಹಸಿ ಮಣ್ಣನ್ನು ಯಾವ ರೀತಿಯಲ್ಲೂ ನೆನಪಿಸುವುದಿಲ್ಲ. ಒಮ್ಮೆ ಮೂವತ್ತೊಂದರವರೆಗೆ ಎಣಿಸಿ, "ಕರುವನ್ನು ಒಳಗೆ ಕಟ್ಟಿದ್ದೀಯಾ?" ಎಂದು ಕೇಳಿದ. ನನಗೆ ಅಳು ಬಂತು.

"ಅವತ್ತು ಏನಾಯಿತು ಹೇಳು" ಎಂದು ಕೆದಕಬೇಡಿ. ಅದನ್ನು ಬಿಡಿಸಿ ನೋಡುವ ಚಿಕಿತ್ಸೆಗಳಿವೆ, ಅವು ತರಬೇತಾದವರ ಕೈಯಲ್ಲೇ ಆಗಬೇಕು. ನಾವು ತಾಯತಕ್ಕೆ ಒಂದು ವರ್ಷ ಕಳೆದೆವು. ಒಂದು ತಿಂಗಳಾದರೂ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಹೊರಡಲಾಗದ ರಾತ್ರಿ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅಂದೇ ಹೊರಡಿ.

ಹೋಗುವಾಗ ಯಾವುದರಿಂದ ಶುರುವಾಗುತ್ತದೆ ಎಂದು ಬರೆದುಕೊಂಡು ಹೋಗಿ. ನಮ್ಮ ಚೀಟಿಯಲ್ಲಿ ಇದ್ದದ್ದು ಮೂರೇ ಸಾಲು: ತಗಡಿನ ಸದ್ದು, ಜೆಸಿಬಿ, ಹಸಿ ಮಣ್ಣಿನ ವಾಸನೆ. ವೈದ್ಯರು ಅಲ್ಲಿಂದಲೇ ಮಾತು ಶುರುಮಾಡಿದರು.