ಎರವಲು ಮಾತಿನಲ್ಲಿ ಪ್ರಾರ್ಥನೆ

ನಮ್ಮ ಸಭೆಗಳಲ್ಲಿ ಒಬ್ಬರಿಗೆ "ಪ್ರಾರ್ಥನೆ ಚೆನ್ನಾಗಿ ಬರುತ್ತದೆ" ಎಂದರೆ ಅವರು ಎದ್ದು ನಿಂತು ತಡವರಿಸದೆ ಹತ್ತು ನಿಮಿಷ ಸ್ವಂತ ಮಾತಿನಲ್ಲಿ ಪ್ರಾರ್ಥಿಸಬಲ್ಲರು ಎಂದೇ ಅರ್ಥ. ಆ ಹೆಸರು ನನಗೂ ಇತ್ತು. ಮನೆಕೂಟವಿರಲಿ, ಹೊಸ ಮನೆಯ ಪ್ರತಿಷ್ಠೆಯಿರಲಿ, ಆಸ್ಪತ್ರೆಯ ವಾರ್ಡಿರಲಿ, ಎಲ್ಲರೂ ನನ್ನ ಕಡೆ ತಿರುಗಿ "ನೀವೇ ಪ್ರಾರ್ಥನೆ ಮಾಡಿಬಿಡಿ" ಎನ್ನುತ್ತಿದ್ದರು. "ಕೃಪಾಪೂರ್ಣನಾದ ಕರ್ತನೇ" ಎಂದು ಶುರುಮಾಡಿದರೆ ಉಳಿದದ್ದು ತಾನಾಗಿಯೇ ಹರಿಯುತ್ತಿತ್ತು. ಆದರೆ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸು ಹೇಳುವಂತೆ ಕೋಣೆಯ ಬಾಗಿಲು ಮುಚ್ಚಿ ಒಬ್ಬನೇ ಕುಳಿತಾಗ ಅದೇ ಮಾತು ಎರಡು ನಿಮಿಷಕ್ಕೆ ಬತ್ತಿಹೋಗುತ್ತಿತ್ತು. ಉಳಿಯುತ್ತಿದ್ದದ್ದು ಬೇಡಿಕೆಯ ಪಟ್ಟಿ: ಮಗಳ ಪರೀಕ್ಷೆ, ಅಮ್ಮನ ಮಂಡಿನೋವು, ಸಾಲದ ಕಂತು. ಪಟ್ಟಿ ಮುಗಿದರೆ ಆಮೆನ್.

ನಾನು ಬೆಟಗೇರಿಯವನು. ಮನೆತನ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರದು. ಕೆಲಸ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ. ಗದಗದಿಂದ ರೈಲಿನಲ್ಲಿ ಹೋಗಿ ಬರುವುದು. ಇದನ್ನು ಹೇಳಲು ಕಾರಣವಿದೆ. ಪ್ರಾರ್ಥನೆಯ ಬಗ್ಗೆ ಬರೆಯುವವರಲ್ಲಿ ಬಹುಮಂದಿ ಸಭಾಪಾಲಕರು ಇಲ್ಲವೇ ಮಠದಲ್ಲಿರುವವರು. ಅವರ ದಿನಚರಿಯೇ ಬೇರೆ. ನನ್ನದು ಎಂಟೂವರೆಯೊಳಗೆ ಡಬ್ಬಿ ಕಟ್ಟಿಕೊಂಡು ಹೊರಡುವ ಜೀವನ.

ದಾರಿ ತೋರಿಸಿದವರು ನಿವೃತ್ತ ಸಭಾಪಾಲಕರಾಗಿದ್ದ ಒಬ್ಬ ಅಯ್ಯನವರು. ಬೈಬಲಿನ ಕೀರ್ತನೆಗಳ ಪುಸ್ತಕವನ್ನು ತಿಂಗಳ ದಿನಗಳಿಗೆ ಹಂಚಿ ಒಂದು ಹಾಳೆಯಲ್ಲಿ ಮೂವತ್ತು ಸಾಲು ಬರೆದುಕೊಟ್ಟರು. ಒಂದನೆಯ ತಾರೀಖು ಬೆಳಿಗ್ಗೆ 1ರಿಂದ 5ನೆಯ ಕೀರ್ತನೆ, ಸಂಜೆ 6ರಿಂದ 8. ಎರಡನೆಯ ತಾರೀಖು ಬೆಳಿಗ್ಗೆ 9ರಿಂದ 11, ಸಂಜೆ 12ರಿಂದ 14. ಹೀಗೆ ಸಾಗಿ ಮೂವತ್ತನೆಯ ಸಂಜೆಗೆ 150. "ಇದು ನಮ್ಮ ಪದ್ಧತಿಯಲ್ಲ, ಇಂಗ್ಲೆಂಡಿನ ಸಭೆಯವರಾದ ಆಂಗ್ಲಿಕನ್ನರದು. ಆದರೆ ಕೀರ್ತನೆಗಳು ಎಲ್ಲರವು. ಗಟ್ಟಿಯಾಗಿ ಓದಿರಿ, ಒಂದನ್ನೂ ಬಿಡಬೇಡಿರಿ" ಎಂದರು. ಅಷ್ಟೇ ಉಪದೇಶ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ಕ್ರ್ಯಾನ್ಮರ್ 1549ರ ಪ್ರಾರ್ಥನಾ ಪುಸ್ತಕದಲ್ಲಿ ನೂರೈವತ್ತು ಕೀರ್ತನೆಗಳನ್ನು ತಿಂಗಳೊಂದಕ್ಕೆ ಹಂಚಿದ ಕ್ರಮ ಅದು ಎಂಬುದು ನನಗೆ ಆಮೇಲೆ ತಿಳಿಯಿತು. ಅದಕ್ಕೆ ಸಾವಿರ ವರ್ಷ ಮೊದಲು ಸಂತ ಬೆನೆಡಿಕ್ಟ್ ತನ್ನ ಸಂನ್ಯಾಸಿಗಳಿಗೆ ಅಷ್ಟನ್ನೂ ವಾರದಲ್ಲಿ ಮುಗಿಸಲು ಹೇಳಿದ್ದ. ನಮ್ಮ ಪಿತೃಗಳು ಒಂದೇ ದಿನದಲ್ಲಿ ಮುಗಿಸುತ್ತಿದ್ದರಂತೆ, ಉದಾಸೀನರಾದ ನಾವು ವಾರಕ್ಕಾದರೂ ಮುಗಿಸೋಣ ಎಂಬ ಚುಚ್ಚುಮಾತು ಬೇರೆ. ತಿಂಗಳು ತೆಗೆದುಕೊಳ್ಳುವ ನನ್ನಂಥವರನ್ನು ಆತ ಏನೆನ್ನುತ್ತಿದ್ದನೋ.

ಸಭೆಯ ಗೆಳೆಯರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ಓದುವುದು ಓದುವುದೇ, ಪ್ರಾರ್ಥನೆ ಹೇಗಾದೀತು? ಹೃದಯದಿಂದ ಬರಬೇಕಲ್ಲವೇ? ಬಾಯಿಪಾಠ ಸತ್ತ ಮಾತಲ್ಲವೇ? ಈ ಪ್ರಶ್ನೆಗಳಿಗೆ ನನ್ನಲ್ಲಿರುವ ಉತ್ತರ ಶಿಲುಬೆಯ ಮೇಲಿನದು. ಯೇಸು ಪ್ರಾಣ ಬಿಡುವ ಹೊತ್ತಿನಲ್ಲಿ ಹೊಸ ಪ್ರಾರ್ಥನೆ ಕಟ್ಟಲಿಲ್ಲ. ಕೈಬಿಟ್ಟದ್ದೇಕೆ ಎಂಬ ಕೂಗು 22ನೆಯ ಕೀರ್ತನೆಯ ಮೊದಲ ಸಾಲು. ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಎಂಬುದು 31ನೆಯ ಕೀರ್ತನೆಯದು. ದೇವಕುಮಾರನಿಗೇ ಎರವಲು ಮಾತು ಸಾಕಾಗಿತ್ತು. ಇನ್ನೊಂದು ವಿಷಯವನ್ನು ನಗುತ್ತಲೇ ಹೇಳಬೇಕು: ಸ್ವಂತ ಮಾತಿನ ನಮ್ಮ ಪ್ರಾರ್ಥನೆಗಳಲ್ಲೂ ಸ್ವಂತದ್ದು ಎಷ್ಟಿರುತ್ತದೆ? ಯಾವ ಹಿರಿಯರು ಯಾವ ವಾಕ್ಯದ ನಂತರ ಯಾವ ವಾಕ್ಯ ತರುತ್ತಾರೆಂದು ಬುಧವಾರದ ಕೂಟಕ್ಕೆ ಬರುವ ಮಕ್ಕಳಿಗೂ ಗೊತ್ತು.

ನನ್ನ ಬೆಳಗಿನ ಜಾಗ ಮಹಡಿಯ ಮೆಟ್ಟಿಲಿನ ಪಕ್ಕದ, ಅಕ್ಕಿಚೀಲ ಇಡುವ ಕೋಣೆ. ಮಸೀದಿಯ ಬೆಳಗಿನ ಆಜಾನ್ ಕೇಳಿದಾಗ ಏಳುತ್ತೇನೆ. ಅಲಾರಂ ಇಟ್ಟರೆ ಅದನ್ನು ಆರಿಸಲು ಮೊಬೈಲ್ ಹಿಡಿಯಬೇಕು, ಹಿಡಿದರೆ ಅಲ್ಲೇ ಹತ್ತು ನಿಮಿಷ ಹೋಗುತ್ತದೆ. ಪಕ್ಕದ ಮನೆಯ ಲಿಂಗಾಯತ ಅಜ್ಜ ಇಷ್ಟಲಿಂಗ ಪೂಜೆ ಮುಗಿಸದೆ ಚಹಾ ಮುಟ್ಟುವುದಿಲ್ಲ. ಈ ದಿನ ಮನಸ್ಸಿದೆಯೋ ಇಲ್ಲವೋ ಎಂದು ಅವರು ತಮ್ಮನ್ನು ಕೇಳಿಕೊಂಡದ್ದನ್ನು ನಾನು ಕಾಣೆ. ಮನಸ್ಸು ಬಂದಾಗ ಪ್ರಾರ್ಥಿಸಬೇಕೆಂಬ ನಮ್ಮವರ ವಾದ ಕೇಳಿದಾಗಲೆಲ್ಲ ಆ ಅಜ್ಜ ನೆನಪಾಗುತ್ತಾರೆ. ಬೈಬಲಿನ ದಾನಿಯೇಲನೂ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದದ್ದು ರೂಢಿಯಿಂದಲೇ. ರಾಜನನ್ನು ಬಿಟ್ಟು ಯಾರಿಗೂ ಪ್ರಾರ್ಥಿಸಬಾರದೆಂಬ ಆಜ್ಞೆ ಹೊರಟಾಗಲೂ ಎಂದಿನಂತೆ ಮಾಡಿದನೆಂದು ಬರೆದಿದೆ.

ನಿಂತು ಓದುತ್ತೇನೆ, ಕುಳಿತರೆ ತೂಕಡಿಕೆ. ದನಿ ನನ್ನ ಕಿವಿಗೆ ಬೀಳುವಷ್ಟು. ಮನಸ್ಸಿನಲ್ಲೇ ಓದಿದರೆ ಕಣ್ಣು ಮುಂದೆ ಓಡುತ್ತದೆ, ಗೊತ್ತಿರುವ ವಚನವನ್ನು ಹಾರಿಸುತ್ತದೆ. ದನಿ ತೆಗೆದರೆ ಉಸಿರಿನಷ್ಟೇ ವೇಗ. ಕೀರ್ತನೆಯ ಸಾಲುಗಳು ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುತ್ತವೆ. ಮೊದಲರ್ಧ ಹೇಳಿ, ಒಂದು ಉಸಿರು ನಿಂತು, ಎರಡನೆಯರ್ಧ ಹೇಳಿದರೆ ಮೊದಲು ಕಿವಿಯಲ್ಲಿ ಉಳಿದದ್ದು ಎರಡನೆಯ ಸಲ ಒಳಗಿಳಿಯುತ್ತದೆ. ಮುಗಿದ ಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಬೆಳಗಿನ ಭಾಗಕ್ಕೆ ಸಾಮಾನ್ಯವಾಗಿ ಹದಿನೈದು ನಿಮಿಷ ಸಾಕು. ಹದಿನೈದನೆಯ ಸಂಜೆ 78ನೆಯ ಕೀರ್ತನೆ ಒಂದೇ ಎಪ್ಪತ್ತೆರಡು ವಚನ. ಆ ದಿನ ಊಟ ತಡ. 119ನೆಯದು 176 ವಚನ, 24ರ ಸಂಜೆ ಹಿಡಿದರೆ 26ರ ಸಂಜೆ ಮುಗಿಯುತ್ತದೆ.

"ಒಂದನ್ನೂ ಬಿಡಬೇಡಿರಿ" ಎಂಬ ಮಾತಿನ ತೂಕ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. 23ನೆಯ ಕೀರ್ತನೆ ನಮ್ಮಲ್ಲಿ ಕ್ಯಾಲೆಂಡರಿನ ಮೇಲೆ, ಮದುವೆಯ ಕಾರ್ಡಿನಲ್ಲಿ, ಸಮಾಧಿಯ ಕಲ್ಲಿನಲ್ಲಿ ಎಲ್ಲೆಲ್ಲೂ ಇದೆ. ಈ ಕ್ರಮದಲ್ಲಿ ಅದು ನಾಲ್ಕನೆಯ ಸಂಜೆ ಬರುತ್ತದೆ, 22ರ ಬೆನ್ನಿಗೆ. ನೀರಿನಂತೆ ಸುರಿದುಹೋದ, ಎಲುಬುಗಳೆಲ್ಲ ಕೀಲುತಪ್ಪಿದ, ನೋಡುವವರಿಂದ ಅಣಕಿಸಿಕೊಂಡ ಮನುಷ್ಯನ ಮಾತನ್ನು ಬಾಯಿಂದ ಆಡಿ, ಪುಟ ತಿರುಗಿಸದೆಯೇ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎನ್ನಬೇಕು. ಕ್ಯಾಲೆಂಡರಿನಲ್ಲಿ ಓದುವ 23 ಹಸುರು ಹುಲ್ಲಿನದು. 22ನ್ನು ದಾಟಿ ಬಂದರೆ ಕಣ್ಣಿಗೆ ಬೀಳುವುದು ಕತ್ತಲಿನ ಕಣಿವೆ. ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳು ಈ ಎರಡನ್ನೂ ಒಟ್ಟಿಗೆ ಓದಿದ್ದರಿಂದಲೇ ಎರಡನೆಯದನ್ನು ಸುಳ್ಳೆನಿಸದೆ ಹೇಳಲು ನನಗೆ ಸಾಧ್ಯವಾಯಿತು.

109ನೆಯ ಕೀರ್ತನೆ ಬೇರೆಯೇ ಕಥೆ. ಇಪ್ಪತ್ತೆರಡನೆಯ ಸಂಜೆಯದು. ಅದರಲ್ಲಿ ಕೀರ್ತನೆಗಾರ ತನ್ನ ವೈರಿಯನ್ನು ಶಪಿಸುತ್ತಾನೆ: ಅವನ ದಿನಗಳು ಕಡಿಮೆಯಾಗಲಿ, ಅವನ ಮಕ್ಕಳು ತಬ್ಬಲಿಗಳಾಗಿ ಅಲೆದು ಭಿಕ್ಷೆ ಬೇಡಲಿ, ಸಾಲ ಕೊಟ್ಟವನು ಅವನ ಆಸ್ತಿಯನ್ನೆಲ್ಲ ಎಳೆದುಕೊಳ್ಳಲಿ. ನಮ್ಮ ಮನೆತನದಲ್ಲಿ ಆಗ ಜಾಗದ ತಕರಾರು ನಡೆಯುತ್ತಿತ್ತು. ಸ್ವಂತ ರಕ್ತಸಂಬಂಧಿಯೇ ಎದುರಾಳಿ, ಕಾಗದಪತ್ರ ಕೋರ್ಟಿನಲ್ಲಿ. ಅವನಿಗಾಗಿ ಪ್ರಾರ್ಥಿಸಬೇಕೆಂದು ಮತ್ತಾಯ 5:44 ಗೊತ್ತಿದ್ದುದರಿಂದ ಕೂಟಗಳಲ್ಲಿ "ಅವರಿಗೆ ಒಳ್ಳೆಯ ಬುದ್ಧಿ ಕೊಡು ಕರ್ತನೇ" ಎನ್ನುತ್ತಿದ್ದೆ. ಒಳ್ಳೆಯ ಬುದ್ಧಿ ಎಂದರೆ ಜಾಗ ನಮಗೆ ಬಿಟ್ಟುಕೊಡುವ ಬುದ್ಧಿ. ಆ ಸಂಜೆ ಅಕ್ಕಿಚೀಲದ ಕೋಣೆಯಲ್ಲಿ 109ನ್ನು ಗಟ್ಟಿಯಾಗಿ ಓದಿದಾಗ ದನಿ ತಂತಾನೆ ಏರಿತು. ಒಂದೊಂದು ಶಾಪವೂ ನನ್ನದೇ ಆಗಿತ್ತು. ಅವನ ಮಕ್ಕಳು ಎಂಬಲ್ಲಿಗೆ ಬಂದಾಗ ಅವನ ಕಿರಿಯ ಮಗನ ಮುಖ ಕಣ್ಣೆದುರು ಬಂತು. ಹಬ್ಬಕ್ಕೆ ಬಂದರೆ ನನ್ನ ಹೆಗಲೇರುತ್ತಿದ್ದ ಹುಡುಗ. ಅಲ್ಲಿ ದನಿ ಕಟ್ಟಿತು. ಒಳ್ಳೆಯ ಬುದ್ಧಿಯ ಪ್ರಾರ್ಥನೆಯಲ್ಲಿ ನನ್ನ ಸಿಟ್ಟು ದೇವರ ಮುಂದೆ ಬಂದಿರಲೇ ಇಲ್ಲ. ಈಗ ಬಂತು, ಬಂದ ಮೇಲೆ ಅದರ ಬಗ್ಗೆ ಆತನೊಂದಿಗೆ ಮಾತಾಡಲು ಸಾಧ್ಯವಾಯಿತು. ವ್ಯಾಜ್ಯ ಇನ್ನೂ ಮುಗಿದಿಲ್ಲ. ಕ್ರಿಸ್ಮಸ್‌ಗೆ ಆ ಹುಡುಗನಿಗೆ ಬಟ್ಟೆ ಹೋಗುತ್ತದೆ.

ಸಂಜೆಯ ಭಾಗ ಈಗ ಮನೆಮಂದಿಯದು. ಎಂಟು ಗಂಟೆಯ ಕುಟುಂಬ ಪ್ರಾರ್ಥನೆಗೆ ಅದನ್ನೇ ತಂದೆವು. ಒಬ್ಬೊಬ್ಬರು ಒಂದೊಂದು ವಚನ ಓದುತ್ತೇವೆ. 28ರ ಸಂಜೆ 137ರ ಕೊನೆಯ ವಚನ, ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವ ಮಾತು, ಮಗಳ ಪಾಲಿಗೆ ಬಂತು. ಅರ್ಧಕ್ಕೆ ನಿಲ್ಲಿಸಿ, "ಪಪ್ಪಾ, ಇದಕ್ಕೂ ಆಮೆನ್ ಅನ್ನಬೇಕೇ?" ಎಂದಳು. ನನ್ನ ಹೆಂಡತಿ, "ಊರು ಸುಟ್ಟು ಸೆರೆ ಒಯ್ದವರ ಮುಂದೆ ಅತ್ತವರ ಮಾತು ಅದು. ನೀನು ಅವರಿಗಾಗಿ ಪ್ರಾರ್ಥಿಸು, ಆಮೇಲೆ ಆ ಕೂಸುಗಳಿಗಾಗಿಯೂ" ಎಂದಳು. ದೇವಶಾಸ್ತ್ರದ ಕಾಲೇಜಿಗೆ ಹೋಗದ ಅವಳ ಉತ್ತರಕ್ಕಿಂತ ಉತ್ತಮವಾದದ್ದು ನನಗೆ ಇನ್ನೂ ಸಿಕ್ಕಿಲ್ಲ.

ಬೆಳಗಿನ ಓದಿನಿಂದ ಒಂದು ವಚನವನ್ನು ಮಾತ್ರ ರೈಲಿಗೆ ಒಯ್ಯುತ್ತೇನೆ. ಇದಕ್ಕೆ ನನ್ನ ಗುರು ಮಾರ್ಟಿನ್ ಲೂಥರ್. 1535ರಲ್ಲಿ ಆತ ತನ್ನ ಕ್ಷೌರಿಕ ಪೀಟರ್‌ಗೆ ಪ್ರಾರ್ಥಿಸುವುದು ಹೇಗೆಂದು ಒಂದು ಕಿರುಹೊತ್ತಗೆ ಬರೆದುಕೊಟ್ಟ. ಒಂದು ವಾಕ್ಯವನ್ನು ಹಿಡಿದು ನಾಲ್ಕು ಎಳೆಯ ಹಾರ ಹೆಣೆಯುತ್ತೇನೆ ಎನ್ನುತ್ತಾನೆ: ಇದು ಏನು ಕಲಿಸುತ್ತದೆ, ಯಾವುದಕ್ಕೆ ಸ್ತೋತ್ರ ಹೇಳಲಿ, ಏನನ್ನು ಅರಿಕೆಮಾಡಲಿ, ಏನನ್ನು ಬೇಡಲಿ. ಕ್ಷೌರಿಕನ ಗಮನ ಕತ್ತಿಯ ಮೇಲೂ ಕೂದಲಿನ ಮೇಲೂ ಇರಬೇಕು, ಹರಟೆಗೆ ಬಿದ್ದರೆ ಮೂಗೋ ಗಂಟಲೋ ಹೋದೀತು, ಪ್ರಾರ್ಥನೆಯೂ ಹಾಗೆಯೇ ಎಂಬುದು ಅವನ ಎಚ್ಚರಿಕೆ. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಮಾತು: ನಡುವೆ ಪವಿತ್ರಾತ್ಮನೇ ಮಾತಾಡತೊಡಗಿದರೆ ಉಳಿದ ಎಳೆಗಳನ್ನು ಬಿಟ್ಟು ಸುಮ್ಮನೆ ಕೇಳು ಎನ್ನುತ್ತಾನೆ. ಹುಲಕೋಟಿ ದಾಟುವವರೆಗೆ ಸೀಟಿನ ಗದ್ದಲ. ಆಮೇಲೆ ಅಣ್ಣಿಗೇರಿಯವರೆಗೆ ಈ ನಾಲ್ಕು ಎಳೆ. ಎಳೆ ಕಡಿದು ತಲೆಯಲ್ಲಿ ಕಚೇರಿಯ ಫೈಲು ಓಡತೊಡಗಿದರೆ ಯೆರಿಕೋವಿನ ಕುರುಡ ಬಾರ್ತಿಮಾಯನ ಕೂಗಿಗೆ ಬರುತ್ತೇನೆ: "ಯೇಸುವೇ, ದಾವೀದನ ಕುಮಾರನೇ, ನನ್ನನ್ನು ಕರುಣಿಸು." ಪೂರ್ವದ ಆರ್ಥೊಡಾಕ್ಸ್ ಸಂನ್ಯಾಸಿಗಳು ಇದಕ್ಕೆ ಹತ್ತಿರದ ಸಾಲನ್ನು ಉಸಿರಿಗೆ ಜೋಡಿಸಿ ಜಪಿಸುತ್ತಾರೆ. ಅಷ್ಟು ಸಾಧನೆ ನನ್ನದಲ್ಲ. ಹುಬ್ಬಳ್ಳಿ ಬರುವವರೆಗೆ ಸಾಲುತ್ತದೆ.

ಬೇಡಿಕೆಯ ಪಟ್ಟಿ ಹೋಗಲಿಲ್ಲ, ರೂಪ ಬದಲಾಯಿತು. ಚಿಕ್ಕ ನೋಟ್‌ಬುಕ್ಕಿನಲ್ಲಿ ವಾರದ ಆರು ದಿನಕ್ಕೆ ಹೆಸರುಗಳಿವೆ: ಸೋಮವಾರ ನೆಂಟರು, ಮಂಗಳವಾರ ಕಚೇರಿಯವರು, ಹೀಗೆ. ಅವರಿಗೆ ದೇವರು ಏನು ಮಾಡಬೇಕೆಂದು ನಾನು ಸಲಹೆ ಕೊಡುವುದನ್ನು ಬಿಟ್ಟಿದ್ದೇನೆ. ಹೆಸರು ಹೇಳಿ ಸ್ವಲ್ಪ ಸುಮ್ಮನಿರುತ್ತೇನೆ. ಇದರ ಅಡ್ಡಪರಿಣಾಮವೂ ಒಂದಿದೆ: ಹೆಸರು ಹೇಳಿದವರಿಗೆ ಫೋನ್ ಮಾಡದೆ ಇರುವುದು ಕಷ್ಟವಾಗುತ್ತದೆ.

ಈಗ ಒಣಗಾಲದ ಮಾತು. ಬಂದೇ ಬರುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಓದಿದ್ದು ಬಾಯಲ್ಲೇ ಉಳಿಯುತ್ತದೆ, ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಆವಿಲಾದ ಸಂತ ತೆರೇಸಾಳಂಥ ಪ್ರಾರ್ಥನೆಯ ಮಹಾಗುರುವೇ ಕೆಲವು ವರ್ಷ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ಕಾಯುತ್ತಿದ್ದೆ ಎಂದು ಬರೆದಿಟ್ಟಿದ್ದಾಳೆ. ನಮ್ಮ ಕೂಟಗಳಲ್ಲಿ ಇಂಥದ್ದನ್ನು ಹೇಳಿದರೆ ಯಾವ ಪಾಪ ಅಡಗಿಸಿಟ್ಟಿದ್ದೀರಿ ಎಂದು ಕೇಳುತ್ತಾರೆ. ಹದಿನೇಳನೆಯ ಬೆಳಿಗ್ಗೆಯ 88ನೆಯ ಕೀರ್ತನೆಯನ್ನು ಅವರು ಓದಿಲ್ಲವೆಂದು ಕಾಣುತ್ತದೆ. ಉಳಿದ ಶೋಕಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತೋತ್ರಕ್ಕೋ ಭರವಸೆಗೋ ತಿರುಗುತ್ತವೆ; ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಒಣಗಾಲದಲ್ಲಿ ನಾನು ಮಾಡುವುದು ಇಷ್ಟೇ: ಸಮಯ ಹೆಚ್ಚಿಸುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ, ಭಾವನೆಯನ್ನು ಎಬ್ಬಿಸಲು ಹಾಡು ಹಾಕುವುದಿಲ್ಲ. ಆ ದಿನದ ಭಾಗ ಓದಿ ಚುಕ್ಕೆ ಇಟ್ಟು ಏಳುತ್ತೇನೆ.

ಕೂಟದಲ್ಲಿ ನಾನು ಮಾಡುವ ಪ್ರಾರ್ಥನೆ ಚಿಕ್ಕದಾಗಿದೆ. "ಏಕೆ, ಆರೋಗ್ಯ ಸರಿಯಿಲ್ಲವೇ?" ಎಂದು ಹಿರಿಯರೊಬ್ಬರು ವಿಚಾರಿಸಿದರು.

ಶುರುಮಾಡಬೇಕೆನ್ನುವವರು ಒಂದನೆಯ ತಾರೀಖಿಗೆ ಕಾಯಬೇಡಿರಿ. ಇಂದಿನ ತಾರೀಖು ಯಾವುದೋ ಅದರ ಭಾಗದಿಂದಲೇ ಹಿಡಿಯಿರಿ. ಎರಡೂ ಹೊತ್ತು ಆಗದಿದ್ದರೆ ಬೆಳಗಿನದು ಸಾಕು. ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಲು ಹೋಗಬೇಡಿರಿ. ಬಾಕಿ ಬೆಳೆದರೆ ಪುಸ್ತಕವನ್ನೇ ಮುಚ್ಚಿಡುತ್ತೀರಿ. ಬಿಟ್ಟದ್ದು ಮುಂದಿನ ತಿಂಗಳು ತಾನೇ ಬರುತ್ತದೆ. ಮೂವತ್ತೊಂದನೆಯ ತಾರೀಖಿಗೆ ಮೂವತ್ತರದನ್ನೇ ಮತ್ತೆ ಓದುವುದು ಹಳೆಯ ವಾಡಿಕೆ. ಫೆಬ್ರವರಿಯಲ್ಲಿ ಮಾತ್ರ 28ರ ಸಂಜೆ 138ಕ್ಕೆ ನಿಲ್ಲಬೇಕಾಗುತ್ತದೆ. ತಾಳ, ತಮ್ಮಟೆಯ 150 ತಪ್ಪಿಹೋಗುತ್ತದೆಂದು ನಮ್ಮ ಮಕ್ಕಳು ಒಪ್ಪದ ಕಾರಣ, ಅದೊಂದನ್ನು ಆ ಸಂಜೆಗೇ ಸೇರಿಸಿಕೊಂಡಿದ್ದೇವೆ.