ಬುಟ್ಟಿ ಇಲ್ಲದಿದ್ದರೂ ಡಿಸ್ಕ್ ಗಾಲ್ಫ್ ಆಡಬಹುದು, ಪಾರ್ಕಿನಲ್ಲೇ

ಡಿಸ್ಕ್ ಗಾಲ್ಫ್ ಅಂದರೆ ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ಎಸೆಯುತ್ತ, ಆದಷ್ಟು ಕಡಿಮೆ ಎಸೆತದಲ್ಲಿ ಗುರಿ ಮುಟ್ಟಿಸುವ ಆಟ. ಅದನ್ನು ಆಡಲಿಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ ಬೇಕೇ ಬೇಕು ಅಂತ ಕಾಯುತ್ತ ಕೂರಬೇಡಿ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಈ ಆಟವನ್ನು ಬೆಳೆಸಿದ ಎಡ್ ಹೆಡ್ರಿಕ್ ಕೋರ್ಸ್ (ಆಡುವ ಅಂಗಳ) ಮಾಡಿದಾಗಲೂ ಗುರಿಗೆ ಇದ್ದದ್ದು ಬರೀ ಕಂಬ. ನಮ್ಮ ಹುಬ್ಬಳ್ಳಿ-ಧಾರವಾಡದ ಪಾರ್ಕುಗಳಲ್ಲಿ ಮರಗಳಿಗೇನು ಬರವೇ?

ಐದಾರು ಮರ ಆರಿಸಿ. ಒಂದೊಂದಕ್ಕೂ 40ರಿಂದ 60 ಮೀಟರ್ ದೂರದಲ್ಲಿ ನಿಂತು ಎಸೆಯುವ ಜಾಗ ಗುರುತು ಮಾಡಿ. ಕಾಂಡಕ್ಕೆ ಸೊಂಟದಿಂದ ಎದೆಯ ಎತ್ತರದೊಳಗೆ ಒಂದು ರಿಬ್ಬನ್ ಕಟ್ಟಿ, ಅದರ ಆಸುಪಾಸು ಡಿಸ್ಕ್ ತಾಗಿದರೆ ಆ ಹೋಲ್, ಅಂದರೆ ಆ ಒಂದು ಗುರಿಯ ಸುತ್ತು, ಮುಗಿಯಿತು. ಮೊಳೆ ಮಾತ್ರ ಹೊಡೆಯಬೇಡಿ. ಕಾವಲುಗಾರರನ್ನು ಮೊದಲೇ ಒಂದು ಮಾತು ಕೇಳಿ, ಆಟ ಮುಗಿದ ಮೇಲೆ ರಿಬ್ಬನ್ ಬಿಚ್ಚಿಕೊಂಡು ಬನ್ನಿ.

ಡಿಸ್ಕ್ ಒಂದೇ ಸಾಕು, ಪಟರ್, ಅಂದರೆ ಹತ್ತಿರದ ಗುರಿಗೆ ಎಸೆಯುವ ಡಿಸ್ಕ್. ಹೊಸಬರು ದೂರದ ಎಸೆತಕ್ಕಿರುವ, ಅಂಚು ಚೂಪಾದ ಡ್ರೈವರ್ ಡಿಸ್ಕ್ ಕೊಂಡು ಬೇಜಾರಾಗುತ್ತಾರೆ. ಅದಕ್ಕೆ ಜಾಸ್ತಿ ವೇಗ ಬೇಕು, ವೇಗ ಸಾಲದಿದ್ದರೆ ಬಲಗೈಯವರ ಡಿಸ್ಕ್ ಬೇಗನೆ ಎಡಕ್ಕೆ ವಾಲಿ ಬಿದ್ದುಬಿಡುತ್ತದೆ. ಪಟರ್ ನಿಧಾನಕ್ಕೆ ಎಸೆದರೂ ನೆಟ್ಟಗೆ ಹೋಗುತ್ತದೆ.

ಎಸೆಯುವುದು ಹೀಗೆ. ಹೆಬ್ಬೆರಳು ಮೇಲೆ, ಉಳಿದ ಬೆರಳು ಅಂಚಿನ ಒಳಗೆ. ಬಲ ಭುಜ ಗುರಿಯ ಕಡೆ ಇರುವಂತೆ ಅಡ್ಡ ನಿಂತು, ಡಿಸ್ಕನ್ನು ಎದೆಗೆ ಹತ್ತಿರವಾಗಿ ನೇರ ಗೆರೆಯಲ್ಲಿ ಎಳೆದು, ಕೊನೆಗೆ ಮಣಿಕಟ್ಟು ಝಾಡಿಸಿ ಬಿಡಿ. ಮುಂದಿನ ಅಂಚು ಮೇಲಕ್ಕೆದ್ದಿದ್ದರೆ ಅದು ಗಾಳಿಗೆ ಏರಿ, ಅಲ್ಲೇ ನಿಂತು, ಕೆಳಗೆ ಬೀಳುತ್ತದೆ. ಹೆಚ್ಚಿನವರ ಎಸೆತ ಕೆಡುವುದು ಇಲ್ಲೇ, ತೋಳಿನ ಶಕ್ತಿ ಸಾಲದೆ ಅಲ್ಲ. ಅರ್ಧ ಬಲದಲ್ಲಿ, ಸಮತಟ್ಟಾಗಿ ಎಸೆದು ನೋಡಿ.

ನಿಯಮ ಸರಳ. ಡಿಸ್ಕ್ ಬಿದ್ದ ಜಾಗದ ಹಿಂದೆ ನಿಂತು ಮತ್ತೆ ಎಸೆಯಬೇಕು, ಗುರಿಯಿಂದ ದೂರ ಇದ್ದವರು ಮೊದಲು. ಗುರಿಗೆ 10 ಮೀಟರ್ ಒಳಗೆ ಬಂದ ಮೇಲೆ, ಎಸೆದ ಕೂಡಲೇ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. ಒಂದು ಕ್ಷಣ ತೋಲ ತಪ್ಪದೆ ನಿಲ್ಲಬೇಕು. ಕಳೆದುಹೋದ ಡಿಸ್ಕ್ 3 ನಿಮಿಷದಲ್ಲಿ ಸಿಗದಿದ್ದರೆ ಒಂದು ಎಸೆತ ದಂಡ. ಇಷ್ಟು ಚಿಕ್ಕ ಕೋರ್ಸಿಗೆ ಎಲ್ಲ ಹೋಲೂ ಪಾರ್ 3, ಅಂದರೆ ಮೂರು ಎಸೆತದಲ್ಲಿ ಮುಗಿಸಬೇಕಾದದ್ದು ಅಂತ ಇಟ್ಟುಕೊಳ್ಳಿ, ಒಟ್ಟು ಎಸೆತ ಕಡಿಮೆ ಇದ್ದವರು ಗೆದ್ದರು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇದು ಮಕ್ಕಳ ಹಗುರ ಫ್ರಿಸ್ಬಿ ಅಲ್ಲ, 170 ಗ್ರಾಂ ಆಸುಪಾಸಿನ ಗಟ್ಟಿ ಪ್ಲಾಸ್ಟಿಕ್, ತಲೆಗೆ ಬಡಿದರೆ ಗಾಯವಾಗುತ್ತದೆ. ನೃಪತುಂಗ ಬೆಟ್ಟದಂಥ ಕಡೆ ಬೆಳಗ್ಗೆ, ಸಂಜೆ ವಾಕಿಂಗಿಗೆ ಅಜ್ಜ-ಅಜ್ಜಿಯರು ಬರುತ್ತಾರೆ, ಆ ಹೊತ್ತು ಬಿಟ್ಟು ಆಡಿ. ದಾರಿ ದಾಟಿಸುವ ಎಸೆತ ಬೇಡವೇ ಬೇಡ. ಯಾರಾದರೂ ಎದುರು ಬಂದರೆ ಅವರು ಹೋಗುವವರೆಗೆ ಸುಮ್ನೆ ನಿಲ್ಲಿ, ಅವರ ಪಾರ್ಕೂ ಹೌದಲ್ವಾ? ಉಣಕಲ್, ಸಾಧನಕೇರಿಯ ನೀರಿನ ಕಡೆಗೂ ಗುರಿ ಇಡಬೇಡಿ, ಹೆಚ್ಚಿನ ಗಾಲ್ಫ್ ಡಿಸ್ಕುಗಳು ಮುಳುಗುತ್ತವೆ.

ಮಳೆಗಾಲದಲ್ಲಿ ಪಡುವಣ ಗಾಳಿ ಜೋರು. ಎದುರುಗಾಳಿಗೆ ಬಲಗೈಯವರ ಡಿಸ್ಕ್ ಬಲಕ್ಕೆ ತಿರುಗುತ್ತದೆ, ಆಗ ಇನ್ನೂ ತಗ್ಗಿಸಿ, ಮೆಲ್ಲಗೆ ಎಸೆಯಿರಿ. ಗದಗ ಕಡೆಯ ಎರೆಮಣ್ಣು ಅಂಚಿಗೆ ಮೆತ್ತಿಕೊಂಡರೆ ಹಿಡಿತ ಜಾರುತ್ತದೆ, ಹೆಗಲ ಮೇಲೊಂದು ಹಳೇ ಟವೆಲ್ ಇರಲಿ.

ಐದು ಮೀಟರಿನಿಂದ ಹತ್ತಕ್ಕೆ ಏಳೆಂಟು ಸಲ ರಿಬ್ಬನ್ ಹತ್ತಿರ ತಾಗಿಸುವಂತಾದ ಮೇಲೆ ಪಟರ್‌ಗೂ ಡ್ರೈವರ್‌ಗೂ ನಡುವಿನ ಒಂದು ಮಿಡ್‌ರೇಂಜ್ ಡಿಸ್ಕ್ ತೆಗೆದುಕೊಳ್ಳಿ. ಡ್ರೈವರ್ ಆಗಲೂ ಬೇಡ.